ಡಿಜಿಟಲ್ ಛಾಯಾಚಿತ್ರವೂ ಕತ್ತಲೆಕೋಣೆಯ ಮುದ್ರಣವೂ: ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಚಿತ್ರಗಳನ್ನು ನಿಮಿತ್ತವಾಗಿಟ್ಟುಕೊಂಡು ಒಂದು ವಿಮರ್ಶೆ

ಕಾವ್ಯ, ನಾಟಕ, ಸಂಗೀತ, ಶಿಲ್ಪ ಇವುಗಳನ್ನು ವಿಮರ್ಶಿಸುವುದಕ್ಕೆ ನಮ್ಮಲ್ಲಿ ದೀರ್ಘವಾದ ಪರಂಪರೆಯೂ ಅದಕ್ಕೆ ತಕ್ಕ ಪರಿಭಾಷೆಯೂ ಉಂಟು. ಛಾಯಾಚಿತ್ರದ ವಿಷಯದಲ್ಲಿ ಇವೆರಡೂ ಇನ್ನೂ ಬೆಳೆದಿಲ್ಲವೆಂದೇ ಹೇಳಬೇಕು. ಚಿತ್ರ ಸ್ಪಷ್ಟವಾಗಿದೆ, ಸೊಗಸಾಗಿದೆ, ತೆಗೆದವರು ತುಂಬ ಶ್ರಮಪಟ್ಟಿದ್ದಾರೆ ಎಂಬ ಎರಡು ಮೂರು ಮಾತುಗಳಲ್ಲಿ ನಮ್ಮ ವಿಮರ್ಶೆ ಮುಗಿದುಹೋಗುತ್ತದೆ. ಹೀಗಿರುವಾಗ ಛಾಯಾಗ್ರಹಣದಲ್ಲಿ ಹೊಸದೊಂದು ರೂಢಿ ತಲೆದೋರಿದರೆ ಅದನ್ನು ಹೊಗಳುವವರೂ ತೆಗಳುವವರೂ ಹುಟ್ಟಿಕೊಳ್ಳುವರೇ ಹೊರತು, ಅದು ನಿಜವಾಗಿ ಏನನ್ನು ಮಾಡುತ್ತದೆ ಎಂದು ಪರೀಕ್ಷಿಸುವವರು ದೊರೆಯುವುದು ವಿರಳ. ಈ ಲೇಖನದಲ್ಲಿ ನಾವು ಎತ್ತಿಕೊಂಡಿರುವುದು ಅಂತಹ ಒಂದು ರೂಢಿಯನ್ನು: ಡಿಜಿಟಲ್ ಕ್ಯಾಮರಾದಿಂದ ತೆಗೆದ ಚಿತ್ರವನ್ನು ಹಿಂದಿನ ಕಾಲದ ಕತ್ತಲೆಕೋಣೆಗೆ ಒಯ್ದು, ಬೆಳ್ಳಿಯ ಲವಣಗಳನ್ನು ಲೇಪಿಸಿದ ಕಾಗದದ ಮೇಲೆ ಮುದ್ರಿಸುವುದು.

ಇದನ್ನು ಕುರಿತು ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಇದು ಬರಿಯ ವೇಷ, ಗಣಕಯಂತ್ರದಿಂದ ಹುಟ್ಟಿದ ಕೂಸಿಗೆ ಅಜ್ಜನ ಪೇಟ ತೊಡಿಸಿದಂತೆ ಎಂಬುದು ಒಂದು. ಯಂತ್ರವು ಕಸಿದುಕೊಂಡ ಕೈಗಸಬನ್ನು ಮರಳಿ ಪಡೆಯುವ ಮಾರ್ಗವಿದು ಎಂಬುದು ಇನ್ನೊಂದು. ಎರಡೂ ಅವಸರದ ತೀರ್ಮಾನಗಳೆಂದು ನಮಗೆ ತೋರುತ್ತದೆ. ತತ್ತ್ವವನ್ನು ಗಾಳಿಯಲ್ಲಿ ಚರ್ಚಿಸುವುದಕ್ಕಿಂತ ಒಂದು ಸ್ಥಳವನ್ನೂ ಒಂದು ಬಗೆಯ ಚಿತ್ರವನ್ನೂ ಎದುರಿಗಿಟ್ಟುಕೊಂಡು ವಿಚಾರ ಮಾಡುವುದು ಲೇಸು. ಅದಕ್ಕಾಗಿ ನಾವು ಆರಿಸಿಕೊಂಡಿರುವುದು ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟ.

ಸಮುದ್ರಮಟ್ಟದಿಂದ ೧೪೫೪ ಮೀಟರು ಎತ್ತರವಿರುವ ಈ ಬೆಟ್ಟವು ಬಂಡೀಪುರದ ಅರಣ್ಯಕ್ಕೆ ಸೇರಿದುದು. ನೆತ್ತಿಯಲ್ಲಿ ವೇಣುಗೋಪಾಲನ ಗುಡಿ. ೧೩೧೫ರ ಸುಮಾರಿನದೆಂದು ಪ್ರತೀತಿ. ಸುತ್ತಲೂ ಹುಲ್ಲು ಹೊದ್ದ ಇಳಿಜಾರುಗಳು, ಕಣಿವೆಗಳಲ್ಲಿ ಕಾಡು, ಅಲ್ಲಲ್ಲಿ ಪಾಳೆಯಗಾರರ ಕಾಲದ ಕೋಟೆಯ ಅವಶೇಷ. ಮೈಸೂರು ಸಂಸ್ಥಾನವು ೧೯೪೧ರಲ್ಲಿ ಇಲ್ಲಿಯ ಕಾಡನ್ನು ವಿಸ್ತರಿಸಿ ವನ್ಯಮೃಗಗಳಿಗಾಗಿ ಮೀಸಲಿಟ್ಟಾಗ ಅದಕ್ಕೆ 'ವೇಣುಗೋಪಾಲ' ಎಂಬ ಹೆಸರನ್ನೇ ಇಟ್ಟಿತು. ದೇವರ ಹೆಸರಿನಿಂದ ಕಾಡು ಪ್ರಸಿದ್ಧವಾಗಿದ್ದ ಕಾಲ ಅದು. ೧೯೭೩ರಲ್ಲಿ ಹುಲಿ ಯೋಜನೆ ಬಂದಮೇಲೆ ಬಂಡೀಪುರವೆಂಬ ಹೆಸರೇ ನಿಂತಿತು. ಆದರೆ ಛಾಯಾಗ್ರಾಹಕರನ್ನು ಇಲ್ಲಿಗೆ ಸೆಳೆಯುವುದು ಗುಡಿಯೂ ಅಲ್ಲ, ಹುಲಿಯೂ ಅಲ್ಲ. ಬೆಟ್ಟಕ್ಕೆ ವಿಶೇಷಣವನ್ನು ಕೊಟ್ಟಿರುವ ಮಂಜು. ತಪ್ಪಲಿನ ಹಂಗಳದಲ್ಲಿ ಕಣ್ಣು ಕೋರೈಸುವ ಬಿಸಿಲಿರುವಾಗಲೇ ಮೇಲೆ ಗೋಪುರವು ಕಂಡೂ ಕಾಣದಂತೆ ಮಸಕಾಗಿರುವುದುಂಟು.

ಮಂಜು ಛಾಯಾಗ್ರಹಣಕ್ಕೆ ಕಠಿನವಾದ ವಸ್ತು. ಅದರಲ್ಲಿ ರೇಖೆಯಿಲ್ಲ, ನೆರಳಿಲ್ಲ. ಇರುವುದೆಲ್ಲ ಬಿಳುಪಿಗೂ ಬಿಳುಪಿಗೂ ನಡುವಣ ಅತಿ ಸೂಕ್ಷ್ಮವಾದ ತಾರತಮ್ಯ. ಈ ತಾರತಮ್ಯವನ್ನು ಉಳಿಸಿಕೊಂಡ ಚಿತ್ರದಲ್ಲಿ ದೂರವೂ ತೇವವೂ ಶೀತವೂ ಅನುಭವಕ್ಕೆ ಬರುತ್ತವೆ. ಕಳೆದುಕೊಂಡ ಚಿತ್ರದಲ್ಲಿ ಉಳಿಯುವುದು ಖಾಲಿ ಕಾಗದ. ಆದುದರಿಂದ ನಮ್ಮ ಪ್ರಶ್ನೆಗೆ ಇದಕ್ಕಿಂತ ತಕ್ಕ ಒರೆಗಲ್ಲು ದೊರೆಯಲಾರದು. ಬೆಳ್ಳಿಯ ಕಾಗದಕ್ಕೆ ಮರಳುವುದರಿಂದ ನಿಜವಾಗಿ ಲಾಭವುಂಟೆಂದಾದರೆ ಅದು ಮಂಜಿನ ಚಿತ್ರದಲ್ಲಿ ಕಾಣಿಸಬೇಕು.

ಮೊದಲು ಕ್ರಿಯೆಯನ್ನು ತಿಳಿದುಕೊಳ್ಳುವುದು ಆವಶ್ಯಕ. ಕತ್ತಲೆಕೋಣೆಯ ಕಾಗದದ ಮೇಲೆ ಜೆಲಟಿನ್ನಿನಲ್ಲಿ ಬೆರೆತ ಬೆಳ್ಳಿಯ ಬ್ರೋಮೈಡು, ಕ್ಲೋರೈಡುಗಳಿರುತ್ತವೆ. ಬೆಳಕು ತಾಗಿದೆಡೆಯಲ್ಲಿ ಕಣ್ಣಿಗೆ ಕಾಣದ ಒಂದು ವಿಕಾರ ಉಂಟಾಗುತ್ತದೆ. ಡೆವಲಪರ್ ದ್ರಾವಣವು ಅದನ್ನು ಕಪ್ಪಾದ ಬೆಳ್ಳಿಯಾಗಿ ಮಾರ್ಪಡಿಸುತ್ತದೆ. ಬೆಳಕು ತಾಗದ ಲವಣಗಳನ್ನು ಹೈಪೊ ಕರಗಿಸಿ ತೆಗೆಯುತ್ತದೆ. ಹೈಪೊವಿನ ಈ ಗುಣವನ್ನು ಜಾನ್ ಹರ್ಷೆಲ್ ೧೮೧೯ರಲ್ಲಿಯೇ ಕಂಡುಕೊಂಡಿದ್ದನು. ಇಪ್ಪತ್ತು ವರ್ಷಗಳ ಅನಂತರ ಛಾಯಾಗ್ರಹಣಕ್ಕೆ ಅದು ಒದಗಿತು. ಕಾಗದಕ್ಕೆ ಬೆಳಕನ್ನು ಕೊಡಲು ಒಂದು ನೆಗೆಟಿವ್ ಬೇಕು. ಡಿಜಿಟಲ್ ಕ್ಯಾಮರಾ ಕೊಡುವುದು ಅಂಕೆಗಳ ಒಂದು ಪಟ್ಟಿಯನ್ನು. ಅದಕ್ಕೆ ಬೆಳಕಿನ ದಾರಿಯಲ್ಲಿ ಅಡ್ಡ ನಿಲ್ಲುವ ಶಕ್ತಿಯಿಲ್ಲ. ಆ ಅಂಕೆಗಳಿಗೆ ಶರೀರವನ್ನು ಕೊಡುವ ಮಾರ್ಗಗಳು ಹಲವು. ಪಾರದರ್ಶಕವಾದ ಹಾಳೆಯ ಮೇಲೆ ಇಂಕ್‌ಜೆಟ್ ಯಂತ್ರದಿಂದ ತಲೆಕೆಳಗಾದ ಚಿತ್ರವನ್ನು ಮುದ್ರಿಸಿ, ಅದನ್ನು ಕಾಗದಕ್ಕೆ ಒತ್ತಿ ಹಿಡಿದು ಸ್ಪರ್ಶಮುದ್ರಣ ಮಾಡುವುದು ಸಾಮಾನ್ಯರಿಗೆ ಎಟುಕುವ ಮಾರ್ಗ; ೧೯೯೫ರಲ್ಲಿ ಡ್ಯಾನ್ ಬರ್ಕ್‌ಹೋಲ್ಡರನು ಬರೆದ ಕೈಪಿಡಿಯಿಂದ ಇದು ಪ್ರಚಾರಕ್ಕೆ ಬಂದಿತು. ಲೇಸರ್ ಕಿರಣದಿಂದ ಕಾಗದದ ಮೇಲೆ ನೇರವಾಗಿ ಬರೆಯುವ ಯಂತ್ರಗಳೂ, ನೆಗೆಟಿವಿನ ಸ್ಥಾನದಲ್ಲಿ ಒಂದು ಸಣ್ಣ ಪರದೆಯನ್ನಿಟ್ಟ ಎನ್ಲಾರ್ಜರುಗಳೂ ಇವೆ. ಡಿಜಿಟಲ್ ಚಿತ್ರವನ್ನು ಮತ್ತೆ ಫಿಲ್ಮಿನ ಮೇಲಿಳಿಸಿ, ಆ ಫಿಲ್ಮಿನಿಂದ ಹಳೆಯ ಕ್ರಮದಲ್ಲಿಯೇ ಮುದ್ರಿಸುವುದು ದುಬಾರಿಯಾದ ಇನ್ನೊಂದು ಮಾರ್ಗ.

ಈ ರೂಢಿಯ ಪಕ್ಷಪಾತಿಗಳು ಮಂಡಿಸುವ ಮುಖ್ಯ ವಾದವನ್ನು ಈಗ ನೋಡೋಣ. ಡಿಜಿಟಲ್ ಕ್ಯಾಮರಾ ಬಿಳುಪಿನ ತಾರತಮ್ಯವನ್ನು ನುಂಗಿಬಿಡುತ್ತದೆ, ಬೆಳ್ಳಿಯ ಕಾಗದ ಅದನ್ನು ಮರಳಿ ಕೊಡುತ್ತದೆ ಎಂದು ಅವರು ಹೇಳುವುದುಂಟು. ಇದರ ಮೊದಲ ಭಾಗ ಅರ್ಧಸತ್ಯ. ಎರಡನೆಯ ಭಾಗ ಅಸತ್ಯ.

ಡಿಜಿಟಲ್ ಗ್ರಾಹಕವು ಬೆಳಕನ್ನು ಸಮಪ್ರಮಾಣದಲ್ಲಿ ಎಣಿಸುತ್ತದೆ. ಬೆಳಕು ಇಮ್ಮಡಿಯಾದರೆ ಅಂಕೆಯೂ ಇಮ್ಮಡಿ. ೧೪ ಬಿಟ್ಟುಗಳ ಮೂಲಕಡತದಲ್ಲಿ ಒಟ್ಟು ೧೬,೩೮೪ ಮೆಟ್ಟಿಲುಗಳಿದ್ದರೆ, ಅವುಗಳಲ್ಲಿ ಅರ್ಧ, ಎಂದರೆ ೮,೧೯೨ ಮೆಟ್ಟಿಲುಗಳು ಅತ್ಯಂತ ಬೆಳಕಾದ ಒಂದು ಸ್ಟಾಪಿನ ಪಾಲಿಗೆ ಬರುತ್ತವೆ. ಮಂಜು ಇರುವುದು ಅಲ್ಲಿಯೇ. ಹಾಗಾದರೆ ಮಂಜಿನ ವಿಷಯದಲ್ಲಿ ಡಿಜಿಟಲ್ ಕ್ಯಾಮರಾ ಕೃಪಣವಲ್ಲ, ಉದಾರಿ. ಆದರೆ ಈ ಔದಾರ್ಯಕ್ಕೆ ಒಂದು ಎಲ್ಲೆಯುಂಟು. ಎಣಿಕೆ ತುಂಬಿದ ಕೂಡಲೇ ಅದು ಥಟ್ಟನೆ ನಿಂತುಹೋಗುತ್ತದೆ; ಅಲ್ಲಿಂದ ಮುಂದಿನದೆಲ್ಲ ಒಂದೇ ಬಿಳುಪು. ಫಿಲ್ಮಿನ ಸ್ವಭಾವ ಬೇರೆ. ಹರ್ಟರ್ ಮತ್ತು ಡ್ರಿಫೀಲ್ಡರು ೧೮೯೦ರಲ್ಲಿ ಪ್ರಕಟಿಸಿದ ವಕ್ರರೇಖೆಯಲ್ಲಿ ಕಾಣುವಂತೆ, ಬೆಳಕು ಹೆಚ್ಚಿದಂತೆಲ್ಲ ಅದು ಮೆಲ್ಲಮೆಲ್ಲನೆ ದಣಿಯುತ್ತದೆ, ಒಮ್ಮೆಗೇ ಕೈಬಿಡುವುದಿಲ್ಲ. ಮಂಜಿನ ಹಿಂದಣಿಂದ ಸೂರ್ಯ ಇಣುಕುವ ಗಳಿಗೆಯಲ್ಲಿ ಈ ಭೇದ ನಿರ್ಣಾಯಕವಾಗುತ್ತದೆ. ಅಂತಹ ಗಳಿಗೆಯಲ್ಲಿ ಡಿಜಿಟಲ್ ಕ್ಯಾಮರಾ ಕಳೆದುಕೊಂಡುದನ್ನು ಯಾವ ಕಾಗದವೂ ಮರಳಿ ಕೊಡಲಾರದು. ಇಲ್ಲದುದನ್ನು ಬೆಳ್ಳಿ ಎಲ್ಲಿಂದ ತಂದೀತು?

ಇಷ್ಟೇ ಅಲ್ಲ. ಬೆಳ್ಳಿಯ ಕಾಗದವೇ ಬಿಳುಪಿನ ಕಡೆಯಲ್ಲಿ ಜಿಪುಣ. ಅದರ ವಕ್ರರೇಖೆಯ ಪಾದಭಾಗವು, ಎಂದರೆ ಕಾಗದ ಕಪ್ಪಾಗಲು ತೊಡಗುವ ಮೊದಲ ಭಾಗವು, ಬಹಳ ಮಂದಗತಿಯದು. ಮುದ್ರಣದಲ್ಲಿ ಮಂಜು ಕುಳಿತುಕೊಳ್ಳುವುದು ಸರಿಯಾಗಿ ಅಲ್ಲಿಯೇ. ಆದುದರಿಂದಲೇ ನುರಿತ ಮುದ್ರಕರು ಮಂಜನ್ನು ಬಿಳಿಯಾಗಿ ಮುದ್ರಿಸುವುದಿಲ್ಲ. ಒಂದು ಮೆಟ್ಟಿಲು ಕೆಳಗಿಳಿಸಿ ತಿಳಿಬೂದಿಯಾಗಿ ಮುದ್ರಿಸಿ, ಕಾಗದದ ಅಚ್ಚಬಿಳುಪನ್ನು ಎಲ್ಲೋ ಒಂದೆಡೆಗೆ, ಹುಲ್ಲಿನ ತುದಿಯ ಹನಿಗೋ ಗೋಪುರದ ಅಂಚಿಗೋ ಮೀಸಲಿಡುವರು. ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಗಣಕಯಂತ್ರದಲ್ಲಿ ನೆಗೆಟಿವನ್ನು ಸಿದ್ಧಪಡಿಸುವಾಗ ಕಾಗದದ ಈ ಜಿಪುಣತನವನ್ನು ಮೊದಲೇ ಅಳೆದು, ಅದಕ್ಕೆ ಎದುರಾದ ತಿದ್ದುಪಡಿಯನ್ನು ನೆಗೆಟಿವಿನಲ್ಲಿಯೇ ಸೇರಿಸಿಬಿಡಬಹುದು. ಫಿಲ್ಮಿನ ನೆಗೆಟಿವಿನಿಂದ ಬಹು ಕಷ್ಟದಿಂದ ದೊರೆಯುವ ಬಿಳುಪಿನ ಮೆಟ್ಟಿಲುಗಳು ಡಿಜಿಟಲ್ ನೆಗೆಟಿವಿನಿಂದ ಬೆಳ್ಳಿಯ ಕಾಗದದ ಮೇಲೆ ದೊರೆಯುವ ಸಾಧ್ಯತೆ ಹೀಗೆ ಉಂಟಾಗುತ್ತದೆ. ಬೆಳ್ಳಿಯು ಡಿಜಿಟಲ್ ಚಿತ್ರವನ್ನು ಉದ್ಧರಿಸುತ್ತದೆ ಎಂಬ ಮಾತು ಇಲ್ಲಿಗೆ ತಿರುಗುಮುರುಗಾಯಿತು: ಡಿಜಿಟಲ್ ಕ್ರಮವೇ ಬೆಳ್ಳಿಯ ಕಾಗದಕ್ಕೆ ಅದರ ಸ್ವಭಾವವನ್ನು ಮೀರುವ ಶಕ್ತಿಯನ್ನು ಕೊಡುತ್ತದೆ. ಇದರ ಜೊತೆಗೆ ಒಂದು ದೋಷವನ್ನೂ ಹೇಳಬೇಕು. ಮಸಿಯಿಂದ ಮುದ್ರಿಸಿದ ನೆಗೆಟಿವಿನಲ್ಲಿ ಇರುವುದು ಚುಕ್ಕೆಗಳು. ಒರಟಾದ ಕಾಗದದಲ್ಲಿ ಅವು ಮುಚ್ಚಿಹೋಗುತ್ತವೆ. ನಯವಾದ ಬೆಳ್ಳಿಕಾಗದದಲ್ಲಿ, ಅದರಲ್ಲಿಯೂ ಮಂಜಿನಂತಹ ಬಯಲು ಹರವಿನಲ್ಲಿ, ಅವು ಧೂಳಿನಂತೆ ಎದ್ದು ತೋರುವ ಸಂಭವವುಂಟು. ಮಂಜಿನಲ್ಲಿ ಧೂಳು ಕಂಡರೆ ಚಿತ್ರ ಸತ್ತಂತೆಯೇ.

ಹಾಗಾದರೆ ವೇಷವೆಂದು ತೆಗಳುವವರ ಪಕ್ಷ ಗೆದ್ದಿತೆ? ಅದೂ ಇಲ್ಲ. ಈ ಪ್ರದೇಶದ ಛಾಯಾಗ್ರಹಣದ ಇತಿಹಾಸವನ್ನು ಬಲ್ಲವರು ಬೆಳ್ಳಿಯ ಮುದ್ರಣವನ್ನು ಅಷ್ಟು ಹಗುರವಾಗಿ ಕಾಣಲಾರರು. ನಮ್ಮ ಕಾಡುಗಳನ್ನು ಕಪ್ಪುಬಿಳುಪಿನಲ್ಲಿ ಕಂಡರಿಸಿದ ದೊಡ್ಡ ಪೀಳಿಗೆಯೊಂದು ನಮ್ಮ ನಡುವೆ ಆಗಿಹೋಗಿದೆ. ಎಂ. ಕೃಷ್ಣನ್ (೧೯೧೨-೧೯೯೬) ಮದರಾಸಿನವರಾದರೂ ಸಂಡೂರು ಸಂಸ್ಥಾನದ ಸೇವೆಯಲ್ಲಿದ್ದವರು; ಬಣ್ಣದ ಫಿಲ್ಮು ಸುಲಭವಾದ ಮೇಲೆಯೂ ಬಹುಮಟ್ಟಿಗೆ ಕಪ್ಪುಬಿಳುಪಿಗೇ ಅಂಟಿಕೊಂಡಿದ್ದರು. ಅದೇ ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸಿನ ಮಂತ್ರಿಯಾಗಿ ಹೆಸರಾದಂತೆಯೇ ವನ್ಯಜೀವಿ ಛಾಯಾಗ್ರಾಹಕರೆಂದೂ ಹೆಸರಾದರು. ಅವರ ಚಿತ್ರಗಳ ಪುಸ್ತಕ ೧೯೮೩ರಲ್ಲಿ ಪ್ರಕಟವಾಯಿತು, ಬಿಸಿಲು ನೆರಳುಗಳೆಂಬ ಅರ್ಥದ ಅದರ ಹೆಸರೇ ಅವರ ದೃಷ್ಟಿಯನ್ನು ಸೂಚಿಸುತ್ತದೆ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (೧೯೩೨-೨೦೧೭), ಇ. ಹನುಮಂತರಾವ್ ಇವರನ್ನು ವಾಚಕರು ಬಲ್ಲರು. ಇವರ ಕಾಲದಲ್ಲಿ ಕತ್ತಲೆಕೋಣೆ ಒಂದು ಅಲಂಕಾರವಾಗಿರಲಿಲ್ಲ, ಅನಿವಾರ್ಯವಾಗಿತ್ತು. ಚಿತ್ರದ ಅರ್ಧ ಅಲ್ಲಿಯೇ ಹುಟ್ಟುತ್ತಿತ್ತು.

ಇನ್ನೂ ಒಂದು ಸಂಗತಿಯುಂಟು. ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ ಹಾದು ಬಂಡೀಪುರದ ಮೂಲಕ ಹೋಗುವ ರಸ್ತೆ ಮುಟ್ಟುವುದು ಉದಕಮಂಡಲವನ್ನು. ಅಲ್ಲಿ ಭಾರತ ಸರ್ಕಾರವು ೧೯೬೦ರಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಿತ್ತು. ಫ್ರಾನ್ಸಿನ ಬೋಷೆ ಸಂಸ್ಥೆಯ ನೆರವಿನಿಂದ ಕಟ್ಟಿದ ಆ ಕಾರ್ಖಾನೆ ೧೯೬೭ರಲ್ಲಿ ತಯಾರಿಕೆಯನ್ನು ಆರಂಭಿಸಿತು. 'ಇಂದು' ಎಂಬ ಹೆಸರಿನ ಅದರ ಫಿಲ್ಮೂ ಕಾಗದವೂ ದೇಶದ ಊರೂರಿನ ಸ್ಟುಡಿಯೋಗಳಲ್ಲಿ ಬಳಕೆಯಲ್ಲಿದ್ದವು. ತೊಂಬತ್ತರ ದಶಕದಲ್ಲಿಯೇ ರೋಗಗ್ರಸ್ತವೆನಿಸಿದ ಕಾರ್ಖಾನೆ ಈ ಶತಮಾನದ ಎರಡನೆಯ ದಶಕದಲ್ಲಿ ಮುಚ್ಚಿಹೋಯಿತು. ಅದೇ ಗಿರಿಶ್ರೇಣಿಯ ತಂಪಿನಲ್ಲಿ ತಯಾರಾದ ಕಾಗದದ ಮೇಲೆ ಈ ಬೆಟ್ಟದ ಮಂಜನ್ನು ಮುದ್ರಿಸಬಹುದಾಗಿದ್ದ ಕಾಲ ಹೀಗೆ ಕಳೆಯಿತು. ಇಂದು ಬೆಳ್ಳಿಕಾಗದವನ್ನು ಬಹುಮಟ್ಟಿಗೆ ಪರದೇಶಗಳಿಂದಲೇ ತರಿಸಬೇಕು. ಸ್ವದೇಶಿ ಕುಶಲಕಲೆಯ ಪುನರುಜ್ಜೀವನವೆಂದು ಈ ರೂಢಿಯನ್ನು ವರ್ಣಿಸುವವರು ಈ ಮಾತನ್ನು ಮರೆಯಬಾರದು.

ವೇಷವೆಂಬ ಆಕ್ಷೇಪಣೆಗೆ ಉತ್ತರವನ್ನು ನಾವು ನಮ್ಮ ಸಾಹಿತ್ಯದಿಂದಲೇ ಪಡೆಯಬಹುದು. ನಂದಳಿಕೆಯ ಲಕ್ಷ್ಮೀನಾರಾಯಣಪ್ಪನವರು (೧೮೭೦-೧೯೦೧) ಮುದ್ದಣನೆಂಬ ಹೆಸರಿನಲ್ಲಿ 'ಅದ್ಭುತ ರಾಮಾಯಣ', 'ರಾಮಾಶ್ವಮೇಧ' ಮೊದಲಾದುವನ್ನು ಹಳಗನ್ನಡದಲ್ಲಿ ಬರೆದು, ಹಿಂದಿನ ಕವಿಯ ಕೃತಿಗಳೆಂಬಂತೆ ಮೈಸೂರಿನ ಪತ್ರಿಕೆಗಳಿಗೆ ಕಳುಹಿಸಿದ್ದು ಪ್ರಸಿದ್ಧವಾದ ವಿಷಯ. ಉಡುಪಿಯ ಶಾಲೆಯ ವ್ಯಾಯಾಮದ ಉಪಾಧ್ಯಾಯರೊಬ್ಬರು ಇವುಗಳ ಕರ್ತೃಗಳೆಂದು ಆಗ ಯಾರು ಊಹಿಸಬಲ್ಲವರಾಗಿದ್ದರು? ಹೊಸ ಕಾಲದವರು ಹಳೆಯ ಭಾಷೆಯನ್ನು ತೊಟ್ಟುದರಿಂದ ಅವರ ಕೃತಿ ಕಳಪೆಯಾಯಿತೆಂದು ಇಂದು ಯಾರೂ ಹೇಳುವುದಿಲ್ಲ. ಮುದ್ದಣ ಮನೋರಮೆಯರ ಸಲ್ಲಾಪದಲ್ಲಿ ಆ ಹಳೆಯ ಭಾಷೆಯೇ ಒಂದು ಕೆಲಸವನ್ನು ಮಾಡುತ್ತದೆ: ಭಾಷೆಯ ಗಾಂಭೀರ್ಯಕ್ಕೂ ಮಾತಿನ ಸಲುಗೆಗೂ ನಡುವಣ ಘರ್ಷಣೆಯಿಂದ ಹಾಸ್ಯ ಹುಟ್ಟುತ್ತದೆ, ಓದುಗನು ಒಳಗೊಳಗೇ ನಗುತ್ತಾನೆ. ಹೊಸಗನ್ನಡದಲ್ಲಿ ಬರೆದಿದ್ದರೆ ಆ ರಸ ಸಿದ್ಧಿಸುತ್ತಿರಲಿಲ್ಲ. ಆದುದರಿಂದ ಹಳೆಯ ಉಡುಪನ್ನು ತೊಡುವುದು ತಾನಾಗಿ ದೋಷವಲ್ಲ, ತಾನಾಗಿ ಗುಣವೂ ಅಲ್ಲ. ಉಡುಪು ಒಳಗಿನ ದೇಹದೊಡನೆ ಏನಾದರೂ ವ್ಯವಹಾರ ಮಾಡುತ್ತದೆಯೆ ಎಂಬುದೇ ಪ್ರಶ್ನೆ. ಜೊತೆಗೆ, ಮುದ್ದಣನ ವಿಷಯದಲ್ಲಿ ಕರ್ತೃವನ್ನು ಮರೆಸಿದುದರಿಂದ ಸಾಹಿತ್ಯ ಚರಿತ್ರಕಾರರಿಗೆ ಉಂಟಾದ ತೊಡಕನ್ನೂ ನಾವು ನೆನಪಿನಲ್ಲಿಡಬೇಕು. ಅದಕ್ಕೆ ಮುಂದೆ ಬರುವೆವು.

ಈ ಅಳತೆಗೋಲಿನಿಂದ ಒಂದು ದೊಡ್ಡ ಉದಾಹರಣೆಯನ್ನು ನೋಡೋಣ. ಬ್ರೆಜಿಲಿನ ಸೆಬಾಸ್ಟಿಯಾವೊ ಸಾಲ್ಗಾಡೊ (೧೯೪೪-೨೦೨೫) ೨೦೦೪ರಿಂದ ಎಂಟು ವರ್ಷಗಳ ಕಾಲ ಕೈಗೊಂಡ 'ಜೆನೆಸಿಸ್' ಚಿತ್ರಮಾಲೆ ೨೦೧೩ರಲ್ಲಿ ಪ್ರದರ್ಶನಕ್ಕೆ ಬಂದಿತು. ಆ ಕೆಲಸದ ನಡುವೆ ಆತ ಫಿಲ್ಮನ್ನು ಬಿಟ್ಟು ಡಿಜಿಟಲ್ ಕ್ಯಾಮರಾ ಹಿಡಿದನು. ವಿಮಾನ ನಿಲ್ದಾಣಗಳ ಎಕ್ಸ್-ರೇ ಯಂತ್ರಗಳಿಂದ ಫಿಲ್ಮಿಗೆ ತಗಲುತ್ತಿದ್ದ ಹಾನಿ ಅದಕ್ಕೊಂದು ಕಾರಣ. ಹೊಸ ಚಿತ್ರಗಳು ಹಳೆಯವುಗಳೊಡನೆ ಹೊಂದಬೇಕೆಂದು, ಡಿಜಿಟಲ್ ಕಡತಕ್ಕೆ ಗಣಕಯಂತ್ರದಲ್ಲಿ ಫಿಲ್ಮಿನ ಕಣಗಳನ್ನು ಬೆರೆಸಿ, ನಾಲ್ಕಂಗುಲ ಐದಂಗುಲದ ಫಿಲ್ಮಿನ ಮೇಲೆ ಅದನ್ನು ಇಳಿಸಿ, ಆ ನೆಗೆಟಿವಿನಿಂದ ಕತ್ತಲೆಕೋಣೆಯಲ್ಲಿ ಮುದ್ರಿಸಲಾಯಿತು. ಇದರಲ್ಲಿ ಎರಡು ಕ್ರಿಯೆಗಳನ್ನು ನಾವು ಬೇರ್ಪಡಿಸಿ ನೋಡಬೇಕು. ನೆಗೆಟಿವನ್ನು ಎನ್ಲಾರ್ಜರಿನಲ್ಲಿಟ್ಟು ಮುದ್ರಿಸುವಾಗ ಮುದ್ರಕನ ಕೈ ಬೆಳಕಿನಲ್ಲಿ ಆಡುತ್ತದೆ. ಒಂದೆಡೆ ತಡೆಯುತ್ತದೆ, ಒಂದೆಡೆ ಹೆಚ್ಚು ಸುರಿಯುತ್ತದೆ. ಅಲ್ಲಿ ತೀರ್ಮಾನಗಳು ಇನ್ನೂ ಜೀವಂತವಾಗಿವೆ. ಕಣಗಳನ್ನು ಬೆರೆಸುವುದಾದರೋ ಬೇರೆ ಜಾತಿಯದು. ಫಿಲ್ಮಿನ ಕಣವು ಬೆಳಕು ಬಿದ್ದುದರ ಗುರುತು. ಅದು ಚಿತ್ರದ ಅಲಂಕಾರವಲ್ಲ, ಅದರ ಮೈ. ಆಗದ ಘಟನೆಯ ಗುರುತನ್ನು ಆಮೇಲೆ ಮೆತ್ತುವುದನ್ನು ನಾವು ಒಪ್ಪಲಾರೆವು, ಮಾಡಿದವನು ಸಾಲ್ಗಾಡೊನಂತಹ ಶ್ರೇಷ್ಠನಾದರೂ. ಮಾಲೆಯ ಏಕರೂಪತೆಗಾಗಿ ಎಂಬ ಸಮಾಧಾನ ಆತನಿಗಾದರೂ ಇದ್ದಿತು. ಆತನನ್ನು ಅನುಕರಿಸುವವರಿಗೆ ಅದೂ ಇಲ್ಲ.

ಅಮೆರಿಕದ ಆನ್ಸೆಲ್ ಆಡಮ್ಸ್ ಮೊದಲು ಪಿಯಾನೋ ಅಭ್ಯಾಸ ಮಾಡಿದವನು. ನೆಗೆಟಿವನ್ನು ಸಂಗೀತದ ಸ್ವರಲಿಪಿಗೂ ಮುದ್ರಣವನ್ನು ಕಛೇರಿಗೂ ಆತ ಹೋಲಿಸುತ್ತಿದ್ದುದು ಪ್ರಸಿದ್ಧ. ನಮ್ಮ ಸಂಗೀತದಲ್ಲಿ ಈ ಹೋಲಿಕೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಕೃತಿ ಒಂದೇ ಆದರೂ ಮನೋಧರ್ಮಕ್ಕೆ ಎಡೆಯುಂಟು. ಸ್ಪರ್ಶಮುದ್ರಣಕ್ಕಾಗಿ ತಯಾರಿಸಿದ ಡಿಜಿಟಲ್ ನೆಗೆಟಿವಿನಲ್ಲಿ ಈ ಎಡೆ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ತಡೆಯುವುದು, ಸುರಿಯುವುದು, ಮಂಜನ್ನು ಬೂದಿಗಿಳಿಸುವುದು ಎಲ್ಲವೂ ಪರದೆಯ ಮುಂದೆ ಮುಗಿದಿರುತ್ತದೆ. ಕೆಂಪು ದೀಪದ ಕೆಳಗೆ ಉಳಿಯುವುದು ಗಡಿಯಾರವನ್ನು ನೋಡಿ ತಟ್ಟೆಯನ್ನು ಅಲುಗಿಸುವ ಕೆಲಸ. ಅದನ್ನು ಕೀಳೆಂದು ನಾವು ಹೇಳುತ್ತಿಲ್ಲ. ಓಲೆಗರಿಯ ಲಿಪಿಕಾರನೂ ಗೌರವಕ್ಕೆ ಪಾತ್ರನೇ. ಆದರೆ ಲಿಪಿಕಾರನನ್ನು ಕವಿಯೆಂದು ಕರೆಯುವುದು ಸಲ್ಲದು. ಇಂತಹ ಮುದ್ರಣವನ್ನು ವಿಮರ್ಶಿಸುವವನು ಕತ್ತಲೆಕೋಣೆಯ ನೈಪುಣ್ಯವನ್ನು ಕೊಂಡಾಡುವ ಮೊದಲು, ಚಿತ್ರದ ತೀರ್ಮಾನಗಳು ಎಲ್ಲಿ ನಡೆದುವೆಂದು ಕೇಳಬೇಕು.

ಈ ಪ್ರಶ್ನೆಯನ್ನಿಟ್ಟುಕೊಂಡು ಮತ್ತೆ ಬೆಟ್ಟಕ್ಕೆ ಬರೋಣ. ಗೋಪಾಲಸ್ವಾಮಿ ಬೆಟ್ಟದ ಕಪ್ಪುಬಿಳುಪಿನ ಚಿತ್ರಗಳಲ್ಲಿ ಒಂದು ಮಾದರಿ ಸ್ಥಿರವಾಗಿಹೋಗಿದೆ. ಕೆಳಗೆ ಕಪ್ಪು ಹುಲ್ಲು, ನಡುವೆ ಒಂಟಿಯಾಗಿ ನಿಂತ ಗೋಪುರ, ಸುತ್ತ ಮಂಜು, ಮೇಲೆ ಮುಸ್ಸಂಜೆಯಂತೆ ಕಂದಿದ ಆಕಾಶ. ಎಲ್ಲಿಯೂ ಮನುಷ್ಯನ ಸುಳಿವಿಲ್ಲ. ಚಿತ್ರ ನೋಡಲು ಗಂಭೀರವಾಗಿರುತ್ತದೆ, ಸಂದೇಹವಿಲ್ಲ. ಆದರೆ ಈ ಬೆಟ್ಟಕ್ಕೆ ಖಾಸಗಿ ವಾಹನಗಳು ಹೋಗುವಂತಿಲ್ಲ; ತಪ್ಪಲಿನಲ್ಲಿ ನಿಲ್ಲಿಸಿ, ರಾಜ್ಯ ಸಾರಿಗೆಯ ಬಸ್ಸಿನಲ್ಲಿ ಹತ್ತಬೇಕು. ರಾತ್ರಿ ಉಳಿಯಲು ಅನುಮತಿಯಿಲ್ಲ. ಸಂಜೆಯಾಗುವ ಮೊದಲೇ ಎಲ್ಲರೂ ಇಳಿದುಬರಬೇಕು. ಬೆಳಗಿನ ಮೊದಲ ಬಸ್ಸಿಗಿಂತ ಮುಂಚೆ ಮೇಲಿರುವವರೂ, ಸೂರ್ಯಾಸ್ತದ ತನಕ ಅಲ್ಲಿ ನಿಲ್ಲುವವರೂ ಸಾಮಾನ್ಯ ಯಾತ್ರಿಕರಲ್ಲ. ಎಂದಮೇಲೆ ಆ ಮುಸ್ಸಂಜೆಯ ಆಕಾಶ ಬೆಟ್ಟದ್ದಲ್ಲ, ಮುದ್ರಣದ್ದು. ಆ ನಿರ್ಜನತೆಯೂ ಬಹುಪಾಲು ಕೈಯಾರೆ ಮಾಡಿದುದು. ಬಸ್ಸು, ಸಾಲಿನಲ್ಲಿ ನಿಂತ ಜನ, ಹರಕೆ ಹೊತ್ತು ಬಂದ ದಂಪತಿಗಳು, ಕಾವಲಿನ ಅರಣ್ಯ ಸಿಬ್ಬಂದಿ ಎಲ್ಲರನ್ನೂ ಪರದೆಯ ಮೇಲೆ ಅಳಿಸಿದಮೇಲೆಯೇ ಅದು ಸಿದ್ಧಿಸುತ್ತದೆ.

ಅಳಿಸುವುದು ಹೊಸ ಪಾಪವೇನೂ ಅಲ್ಲವೆಂದು ಇಲ್ಲಿ ಹೇಳಬಹುದು. ಆ ಮಾತು ನಿಜ. ಮದರಾಸು ಸೈನ್ಯದ ಅಧಿಕಾರಿ ಲಿನೀಯಸ್ ಟ್ರೈಪ್ ೧೮೫೪ರ ಕೊನೆಯಲ್ಲಿ ಹಳೇಬೀಡು ಬೇಲೂರುಗಳ ಗುಡಿಗಳನ್ನು ಚಿತ್ರಿಸಿದನು. ಆಗಿನ ಕಾಗದದ ನೆಗೆಟಿವುಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವೆಲ್ಲ ಬರಿಯ ಬಿಳುಪಾಗಿ ಬರುತ್ತಿತ್ತು. ಮರುವರ್ಷ ಬರ್ಮಾದಲ್ಲಿ ತೆಗೆದ ನೆಗೆಟಿವುಗಳ ಮೇಲೆ ಟ್ರೈಪನು ಮೋಡಗಳನ್ನು ಕುಂಚದಿಂದ ಬರೆದು ಸೇರಿಸಿದುದುಂಟು. ಹೀಗೆ ಬೆಳ್ಳಿಯ ಚಿತ್ರ ಎಂದೂ ಮುಗ್ಧವಾಗಿರಲಿಲ್ಲ. ಆದರೆ ಟ್ರೈಪನು ತನ್ನ ಸಾಧನದ ಕುರುಡುತನವನ್ನು ಸರಿಪಡಿಸಲು ಸೇರಿಸಿದನು. ಕಣ್ಣಿಗೆ ಕಂಡ ಮೋಡ ಕಾಗದಕ್ಕೆ ಬರಲಿಲ್ಲವೆಂದು ಬರೆದನು. ನಾವು ಹೇಳುತ್ತಿರುವ ಚಿತ್ರದಲ್ಲಿ ಸಾಧನ ಕಂಡುದನ್ನು ಕಣ್ಣಿಗೆ ಬೇಡವೆಂದು ತೆಗೆಯಲಾಗಿದೆ. ತೆಗೆದಮೇಲೆ ಅದನ್ನು ಬೆಳ್ಳಿಯ ಕಾಗದಕ್ಕಿಳಿಸಿದರೆ, ಕಾಗದದ ಹಳಮೆಯೇ ಒಂದು ಸಾಕ್ಷಿಯಂತೆ ನಿಂತು, ಈ ಬೆಟ್ಟ ಹೀಗೆಯೇ ಇತ್ತೆಂದು ಪ್ರಮಾಣ ಹೇಳುತ್ತದೆ. ಉಡುಪು ದೇಹದೊಡನೆ ನಡೆಸುವ ವ್ಯವಹಾರ ಇಲ್ಲಿ ಪಿತೂರಿಯಾಗಿ ಪರಿಣಮಿಸಿದೆ.

ಇದಕ್ಕೆ ಎದುರಾಗಿ ಇನ್ನೊಂದು ಬಗೆಯ ಚಿತ್ರ ಸಾಧ್ಯ, ಅದು ನಮಗೆ ಹೆಚ್ಚು ಪ್ರಿಯ. ಮಂಜಿನೊಳಗಿಂದ ಹೊರಬರುತ್ತಿರುವ ಬಸ್ಸಿನ ಎರಡು ದೀಪಗಳು. ಶಾಲು ಹೊದ್ದು, ಮುಖ ಕಾಣದೆ, ಬರಿಯ ಆಕಾರಗಳಾಗಿ ನಿಂತಿರುವ ಯಾತ್ರಿಕರು. ಗೋಪುರ ಅವರ ಹಿಂದೆ ಇನ್ನೂ ಒಂದು ಮೆಟ್ಟಿಲು ತಿಳಿಯಾಗಿ. ಇಂತಹ ಚಿತ್ರವನ್ನು ಬೆಳ್ಳಿಯ ಕಾಗದದ ಮೇಲೆ ಮುದ್ರಿಸಿದರೆ ಮುದ್ದಣನ ಗುಟ್ಟು ಇಲ್ಲಿಯೂ ಫಲಿಸುತ್ತದೆ. ಹಳೆಯ ಮುದ್ರಣದ ಗಾಂಭೀರ್ಯವೂ ಬಸ್ಸಿನ ದಿನನಿತ್ಯತೆಯೂ ಒಂದಕ್ಕೊಂದು ಉಜ್ಜುತ್ತವೆ. ಏಳು ಶತಮಾನಗಳ ಗುಡಿಯೊಂದು ಇಂದಿನ ವೇಳಾಪಟ್ಟಿಗೆ ಅನುಸಾರವಾಗಿ ದರ್ಶನ ಕೊಡುತ್ತಿರುವ ವಿಚಿತ್ರ ಸ್ಥಿತಿ ಬಣ್ಣದ ಚಿತ್ರದಲ್ಲಿ ಮೂಡದಷ್ಟು ನಿಚ್ಚಳವಾಗಿ ಮೂಡುತ್ತದೆ. ಅಲ್ಲದೆ ಬಸ್ಸಿನ ದೀಪವೇ ಕಾಗದದ ಅಚ್ಚಬಿಳುಪಿಗೆ ನ್ಯಾಯವಾದ ಸ್ಥಾನವನ್ನು ಒದಗಿಸುತ್ತದೆ. ಮಂಜು ಅದಕ್ಕಿಂತ ಕೆಳಗಿಳಿದು ತನ್ನ ಮೆಟ್ಟಿಲುಗಳನ್ನು ಉಳಿಸಿಕೊಳ್ಳುತ್ತದೆ.

ಬೆಳ್ಳಿಯಲ್ಲದ ಮಾರ್ಗಗಳ ವಿಚಾರವಾಗಿ ಒಂದೆರಡು ಮಾತು ಸಾಕು. ಹರ್ಷೆಲನು ೧೮೪೨ರಲ್ಲಿ ಕಂಡುಹಿಡಿದ ಸಯನೋಟೈಪು ಕಬ್ಬಿಣದ ಲವಣಗಳಿಂದಾಗುವುದು. ಬಿಸಿಲೇ ಅದರ ದೀಪ, ನೀರೇ ಅದರ ಡೆವಲಪರ್. ಗುಂಡ್ಲುಪೇಟೆಯ ಬಿಸಿಲಿನಲ್ಲಿ ಬೆಟ್ಟದ ಮಂಜನ್ನು ಮುದ್ರಿಸುವುದರಲ್ಲಿ ಒಂದು ಚಮತ್ಕಾರವಿದೆ. ವಿದ್ಯಾರ್ಥಿಗಳ ಕಲಿಕೆಗೆ ಇದಕ್ಕಿಂತ ಅಗ್ಗವೂ ನಿರಪಾಯವೂ ಆದ ಕ್ರಮವಿಲ್ಲ. ಆದರೆ ಅದರ ಗಾಢನೀಲಿ ಮಂಜಿಗೆ ಒಗ್ಗುವುದಿಲ್ಲವೆಂದು ನಮ್ಮ ಅಭಿಪ್ರಾಯ, ಮಂಜು ಬೆಳದಿಂಗಳಾಗಿಬಿಡುತ್ತದೆ. ನೀರಿನ ಮಾತು ಬಂದುದರಿಂದ ಇದನ್ನೂ ಹೇಳಬೇಕು: ಒಳ್ಳೆಯ ಬೆಳ್ಳಿಕಾಗದವನ್ನು ಬಾಳಿಕೆ ಬರುವಂತೆ ತೊಳೆಯಲು ಹಳೆಯ ಕೈಪಿಡಿಗಳು ಹರಿಯುವ ನೀರಿನಲ್ಲಿ ಒಂದು ಗಂಟೆಯ ಕಾಲ ಇಡಬೇಕೆನ್ನುತ್ತವೆ. ಮಳೆಯ ನೆರಳಿನಲ್ಲಿರುವ, ಬರಕ್ಕೆ ತುತ್ತಾಗುವ ತಾಲ್ಲೂಕಿನಲ್ಲಿ ಇದು ಸಣ್ಣ ವಿಷಯವಲ್ಲ. ಹೈಪೊವನ್ನು ಬೇಗ ಬಿಡಿಸುವ ದ್ರಾವಣಗಳಿಂದ ನೀರನ್ನು ಬಹಳ ಮಟ್ಟಿಗೆ ಉಳಿಸಬಹುದು. ಉಪಯೋಗಿಸಿದ ಹೈಪೊವಿನಲ್ಲಿ ಕರಗಿರುವ ಬೆಳ್ಳಿಯನ್ನು ಚರಂಡಿಗೆ ಬಿಡದೆ ಬೇರ್ಪಡಿಸಲೂಬಹುದು. ಕಾಡಿನ ಪ್ರೇಮದಿಂದ ಚಿತ್ರ ತೆಗೆಯುವವರು ಇದನ್ನು ಉಪೇಕ್ಷಿಸುವುದು ಅನುಚಿತ.

ಇನ್ನು ಮುದ್ದಣನ ಪ್ರಸಂಗದಲ್ಲಿ ಬಿಟ್ಟುಬಂದ ಎಳೆಯನ್ನು ಹಿಡಿಯೋಣ. ಗ್ರಂಥಸಂಪಾದನೆಯ ಅಭ್ಯಾಸವುಳ್ಳವರಿಗೆ ಮಾತೃಕೆ, ಪ್ರತಿ, ಪ್ರತಿಯ ಪ್ರತಿ ಎಂಬ ವಿವೇಕ ಹೊಸದಲ್ಲ. ಓಲೆಯನ್ನೂ ಲಿಪಿಯನ್ನೂ ಭಾಷೆಯನ್ನೂ ನೋಡಿ ಪ್ರತಿಯ ಕಾಲವನ್ನು ಊಹಿಸುವೆವು. ಛಾಯಾಚಿತ್ರದ ಚರಿತ್ರಕಾರನೂ ಕಾಗದವನ್ನೂ ರಸಾಯನವನ್ನೂ ನೋಡಿ ಕಾಲವನ್ನು ಊಹಿಸುತ್ತಾನೆ. ಅಮೆರಿಕದ ಲೂಯಿಸ್ ಹೈನ್ (೧೮೭೪-೧೯೪೦) ತನ್ನ ಕಾಲದಲ್ಲಿಯೇ ಮುದ್ರಿಸಿದನೆಂದು ಮಾರಾಟವಾಗಿದ್ದ ಕೆಲವು ಪ್ರತಿಗಳು ಹಾಗಲ್ಲವೆಂದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬಯಲಾದುದು ಹೀಗೆಯೇ: ಕಾಗದವನ್ನು ಬೆಳ್ಳಗೆ ಹೊಳೆಯಿಸಲು ೧೯೫೦ರ ದಶಕದಿಂದೀಚೆಗೆ ಬಳಕೆಗೆ ಬಂದ ದ್ರವ್ಯವು ಅವುಗಳಲ್ಲಿ ಪತ್ತೆಯಾಯಿತು. ನಮ್ಮ ಸಮಸ್ಯೆ ಇದಕ್ಕಿಂತ ಜಟಿಲವಾದುದು. ಇಂದು ಬೆಳ್ಳಿಯ ಕಾಗದದ ಮೇಲೆ ಮುದ್ರಿಸಿದ, ಬಸ್ಸಿಲ್ಲದ, ಜನರಿಲ್ಲದ ಗೋಪಾಲಸ್ವಾಮಿ ಬೆಟ್ಟದ ಚಿತ್ರವೊಂದು ಐವತ್ತು ವರ್ಷಗಳ ಅನಂತರ ಯಾವುದೋ ಕಾಲೇಜಿನ ಬೀರುವಿನಲ್ಲಿ ಸಂಶೋಧಕನ ಕೈಗೆ ಸಿಕ್ಕರೆ, ಅದನ್ನು ೧೯೭೦ರ ದಶಕದ್ದೆಂದು ಆತ ತಿಳಿದರೆ ಆಶ್ಚರ್ಯವೇನು? ಹುಲಿ ಯೋಜನೆಗೆ ಮುಂಚೆ ಬೆಟ್ಟದ ಹುಲ್ಲುಗಾವಲು ಹೇಗಿತ್ತು, ಕಾಡಿನ ಅಂಚು ಎಲ್ಲಿತ್ತು, ಯಾತ್ರಿಕರ ಸಂಖ್ಯೆ ಎಷ್ಟಿತ್ತು ಎಂಬ ಪ್ರಶ್ನೆಗಳಿಗೆ ಆ ಚಿತ್ರದಿಂದ ಆತ ತಪ್ಪು ಉತ್ತರವನ್ನು ಪಡೆಯುವನು. ಮುದ್ದಣನ ಮರೆವೇಷದಿಂದ ಒಬ್ಬ ಕವಿಯ ಕಾಲ ಮಾತ್ರ ತಪ್ಪಾಗಿತ್ತು; ಇಲ್ಲಿ ಒಂದು ಬೆಟ್ಟದ ಚರಿತ್ರೆಯೇ ತಪ್ಪಾಗುವುದು.

ಬೆಳ್ಳಿಮುದ್ರಣದ ಬಾಳಿಕೆಯೇ ಈ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು ಗಮನಾರ್ಹ. ಸರಿಯಾಗಿ ಹೈಪೊ ಕಳೆದು, ತೊಳೆದು, ಸೆಲೀನಿಯಮ್ಮಿನಿಂದ ಸಂಸ್ಕರಿಸಿದ ಮುದ್ರಣ ನೂರು ವರ್ಷ ಉಳಿಯಬಲ್ಲುದು. ಅದರ ಮೂಲವಾದ ಡಿಜಿಟಲ್ ಕಡತವಾದರೋ ಒಂದು ಯಂತ್ರದಿಂದ ಇನ್ನೊಂದಕ್ಕೆ ಕಾಲಕಾಲಕ್ಕೆ ಸಾಗಿಸದಿದ್ದರೆ ಹತ್ತಿಪ್ಪತ್ತು ವರ್ಷಗಳಲ್ಲಿ ತೆರೆಯಲಾರದಂತಾಗುವ ಸಂಭವವುಂಟು. ಮಾತೃಕೆ ನಶಿಸಿ ಪ್ರತಿ ಮಾತ್ರ ಉಳಿಯುತ್ತದೆ. ಪಾಠಾಂತರವನ್ನು ಪರಿಶೀಲಿಸಲು ಮುಂದಿನವರಿಗೆ ಯಾವ ಆಧಾರವೂ ಇರುವುದಿಲ್ಲ.

ಆದುದರಿಂದ ಪ್ರದರ್ಶನಗಳಲ್ಲಿಯೂ ಕಾಲೇಜುಗಳ ಸಂಗ್ರಹಗಳಲ್ಲಿಯೂ 'ರಜತಮುದ್ರಣ' ಎಂಬ ಒಂದೇ ಪದವನ್ನು ಬರೆದು ಸುಮ್ಮನಾಗುವ ಪದ್ಧತಿಯನ್ನು ನಾವು ವಿರೋಧಿಸುತ್ತೇವೆ. ಆ ಪದ ಸುಳ್ಳಲ್ಲ. ಆದರೆ ಪೂರ್ತಿಯಾಗಿ ನಿಜವೂ ಅಲ್ಲ. ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಕಲಿಸಬಹುದಾದ ಕ್ರಮ ಸುಲಭವಾದುದು. ಮುದ್ರಣ ಒಣಗಿದಮೇಲೆ ಅದರ ಬೆನ್ನಿನ ಮೇಲೆ, ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ, ಮೂರು ನಾಲ್ಕು ಸಾಲು ಬರೆದರೆ ಸಾಕು: ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಗುಂಡ್ಲುಪೇಟೆ ತಾಲ್ಲೂಕು, ಡಿಜಿಟಲ್ ಮೂಲ, ತೆಗೆದ ತಿಂಗಳು ಮತ್ತು ವರ್ಷ, ಮಸಿಯಿಂದ ಮುದ್ರಿಸಿದ ನೆಗೆಟಿವಿನ ಮೂಲಕ ಬೆಳ್ಳಿಕಾಗದದ ಮೇಲೆ ಸ್ಪರ್ಶಮುದ್ರಣ, ಮುದ್ರಿಸಿದ ವರ್ಷ, ಆಕಾಶವನ್ನು ಕಪ್ಪಾಗಿಸಿದೆ, ಬಲಗಡೆ ನಿಂತಿದ್ದ ಬಸ್ಸನ್ನು ತೆಗೆದಿದೆ.